ಬಿಂಬುಳಿ ಜ್ಯೂಸ್‌ನಿಂದ ಅಲ್ಕಲೈನ್ ನೀರಿನವರೆಗೆ: ಯಾವುದು ಕೆಲಸ ಮಾಡುತ್ತದೆ, ಯಾವುದು ಕಿಡ್ನಿ ಕೆಡಿಸುತ್ತದೆ

ಮಂಗಳೂರು, ಉಡುಪಿ ಕಡೆಯ ಹಿತ್ತಿಲಿಗೆ ಬಿಂಬುಳಿ ಮರ ಹೊಸದಲ್ಲ. ಕಾಂಡಕ್ಕೇ ಅಂಟಿಕೊಂಡಂತೆ ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತದೆ. ಮೀನು ಸಾರಿಗೆ ಹುಣಸೆಯ ಬದಲು ನಾಲ್ಕು ಕಾಯಿ, ಉಪ್ಪಿನಕಾಯಿಗೆ ಒಂದಿಷ್ಟು. ಉಳಿದದ್ದು ಮರದ ಬುಡದಲ್ಲೇ ಬಿದ್ದು ಕೊಳೆಯುತ್ತದೆ. ಇಷ್ಟು ಸಾಧಾರಣ ಕಾಯಿ ಮನುಷ್ಯನ ಕಿಡ್ನಿಯನ್ನು ನಿಲ್ಲಿಸಬಲ್ಲದು ಎಂದರೆ ನಂಬುವುದು ಕಷ್ಟ. ಆದರೆ ಪಕ್ಕದ ಕೇರಳದಲ್ಲಿ ಅದು ಆಗಿದೆ. ಬಿಂಬುಳಿ ರಸ ಕುಡಿದರೆ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂಬ ಮಾತು ಅಲ್ಲಿ ಬಾಯಿಂದ ಬಾಯಿಗೆ ಹರಡಿತ್ತು. ಹಾಗೆ ಕುಡಿದು ಕಿಡ್ನಿ ಏಕಾಏಕಿ ಕೆಟ್ಟ 10 ಜನರ ವರದಿಯನ್ನು ಅಲ್ಲಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು.

ಕಾರಣ ಸರಳ. ಬಿಂಬುಳಿಯ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ತುಂಬಾ ಇದೆ. ಅದು ರಕ್ತಕ್ಕೆ ಸೇರಿ, ಕ್ಯಾಲ್ಸಿಯಂ ಜೊತೆ ಕೂಡಿ, ಹರಳಾಗುತ್ತದೆ. ಆ ಹರಳುಗಳು ಕಿಡ್ನಿಯ ಸಣ್ಣ ನಳಿಕೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಾರಿನಲ್ಲಿ ನಾಲ್ಕು ಕಾಯಿ ಇಡೀ ಮನೆಗೆ ಹಂಚಿಹೋಗುತ್ತದೆ. ಜೊತೆಗೆ ಅನ್ನ, ಮೀನು, ತೆಂಗಿನಕಾಯಿ ಎಲ್ಲ ಇರುತ್ತದೆ. ಕಾಯಿಗಳನ್ನು ಹಿಂಡಿ, ಬರೀ ಹೊಟ್ಟೆಯಲ್ಲಿ ಒಬ್ಬರೇ ಒಂದು ಲೋಟ ಕುಡಿದಾಗ ಆ ಆಮ್ಲವನ್ನು ಹಿಡಿದಿಡಲು ಹೊಟ್ಟೆಯಲ್ಲಿ ಬೇರೇನೂ ಇರುವುದಿಲ್ಲ.

ಈಗ ಆರೋಗ್ಯದ ಹೆಸರಿನಲ್ಲಿ ನಮ್ಮ ಫೋನಿಗೆ ಬಂದು ಬೀಳುವ ಸಲಹೆಗಳಲ್ಲಿ ಬಹಳಷ್ಟು ಇದೇ ಜಾತಿಯವು. ವಸ್ತು ನಮ್ಮದೇ, ಹಿತ್ತಿಲಿನದೇ. ಹಾಗಾಗಿ ಭಯ ಹುಟ್ಟುವುದಿಲ್ಲ. ಅಜ್ಜಿ ಹಾಕುತ್ತಿದ್ದ ಚಿಟಿಕೆ ಯಾವಾಗ ಲೋಟ ಆಯಿತು, ಲೋಟ ಯಾವಾಗ ಮಾತ್ರೆ ಆಯಿತು ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳು ಮೂರು. ಎಷ್ಟು ಪ್ರಮಾಣ? ಇದು ಬಂದಾಗ ಊಟದಲ್ಲಿ ಯಾವುದು ಹೋಯಿತು? ಇದನ್ನು ನಂಬಿ ಯಾವ ಮಾತ್ರೆ ಬಿಟ್ಟಿರಿ?

ಮೊದಲ ಪ್ರಶ್ನೆಗೆ ಉಪ್ಪಾಗೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಘಟ್ಟದ ಕಾಡಿನ ಈ ಹಣ್ಣಿನ ಸಿಪ್ಪೆ ಒಣಗಿಸಿ ಅಡುಗೆಗೆ ಹುಳಿಯಾಗಿ ಹಾಕುತ್ತಾರೆ. ನಮ್ಮ ಪುನರ್ಪುಳಿಯ ಹತ್ತಿರದ ನೆಂಟ ಅದು. 1990ರ ದಶಕದಲ್ಲಿ ಅದೇ ಸಿಪ್ಪೆಯ ಸಾರ 'ಗಾರ್ಸಿನಿಯಾ ಕಾಂಬೋಜಿಯಾ' ಎಂಬ ಹೆಸರಿನಲ್ಲಿ ಅಮೆರಿಕದ ಅಂಗಡಿಗಳಲ್ಲಿ ತೂಕ ಇಳಿಸುವ ಮಾತ್ರೆಯಾಯಿತು. ಈಗ ಅದು ಆನ್‌ಲೈನ್‌ನಲ್ಲಿ ತಿರುಗಿ ನಮ್ಮ ಮನೆಗೇ ಬರುತ್ತಿದೆ.

ಈ ಮಾತ್ರೆಯ ಹಿಂದೆ ಒಂದು ವಾದ ಇದೆ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ, ದೇಹ ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸುವ ಒಂದು ಕಿಣ್ವವನ್ನು ತಡೆಯುತ್ತದೆ. ಪ್ರಯೋಗಾಲಯದ ಇಲಿಗಳಲ್ಲಿ ಇದು ಕಂಡಿದೆ. ಆದರೆ ಮನುಷ್ಯನ ಮೈಯಲ್ಲಿ ಸೇರುವ ಕೊಬ್ಬಿನ ದೊಡ್ಡ ಪಾಲು ಸಕ್ಕರೆಯಿಂದ ಹೊಸದಾಗಿ ತಯಾರಾದದ್ದಲ್ಲ. ತಿಂದ ಎಣ್ಣೆ, ಕೊಬ್ಬೇ ನೇರವಾಗಿ ಸೇರಿಕೊಳ್ಳುತ್ತದೆ. ಆದ್ದರಿಂದ ಆ ಕಿಣ್ವವನ್ನು ತಡೆದರೂ ಹೆಚ್ಚೇನೂ ಆಗುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ನಡೆಸಿದರು. ಕೆಲವರಿಗೆ ಉಪ್ಪಾಗೆ ಸಾರದ ಮಾತ್ರೆ, ಉಳಿದವರಿಗೆ ನೋಡಲು ಅದೇ ರೀತಿ ಇದ್ದ ಸುಳ್ಳು ಮಾತ್ರೆ. ಎರಡೂ ಗುಂಪಿಗೆ ಒಂದೇ ಪಥ್ಯ. ಕೊನೆಗೆ ನೋಡಿದರೆ ಎರಡೂ ಗುಂಪಿನವರ ತೂಕ ಇಳಿದಿತ್ತು. ಉಪ್ಪಾಗೆ ತಿಂದವರಿಗೆ ಹೆಚ್ಚಿನ ಲಾಭ ಏನೂ ಸಿಕ್ಕಿರಲಿಲ್ಲ. ಇಳಿಸಿದ್ದು ಪಥ್ಯ. ಹೆಸರು ಬಂದದ್ದು ಮಾತ್ರೆಗೆ.

ಹೋಗಲಿ, ಹಾನಿ ಇಲ್ಲವಲ್ಲ ಎನ್ನಬಹುದು. ಹಾನಿ ಇದೆ. ಉಪ್ಪಾಗೆ ಸಾರವಿರುವ ಮಾತ್ರೆ ತಿಂದು ಲಿವರ್ ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಲಿವರ್ ಕಸಿಯವರೆಗೂ ಹೋದದ್ದುಂಟು. ಸಾರಿಗೆ ಹಾಕಿದ ಒಣ ಸಿಪ್ಪೆಯಿಂದ ಹೀಗೆ ಆಗುವುದಿಲ್ಲ. ಒಂದು ದಿನದ ಮಾತ್ರೆಯಲ್ಲಿ ತುಂಬಿರುವ ಸಾರವನ್ನು ಅಡುಗೆಯ ಮೂಲಕ ತಿನ್ನಲು ನಿಮ್ಮಿಂದ ಸಾಧ್ಯವೇ ಇಲ್ಲ, ಹುಳಿಗೆ ನಾಲಿಗೆ ಒಪ್ಪುವುದಿಲ್ಲ. ನಾಲಿಗೆಯ ಈ ಕಾವಲನ್ನು ಕ್ಯಾಪ್ಸೂಲ್ ದಾಟಿ ಹೋಗುತ್ತದೆ.

ಅರಿಶಿನದ್ದೂ ಇದೇ ಕಥೆ. ಒಂದು ಟೀ ಚಮಚ ಅರಿಶಿನದಲ್ಲಿ ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ಇರುವುದು 100 ಮಿಲಿಗ್ರಾಂ ಆಸುಪಾಸು. ಅದರಲ್ಲೂ ಬಹುಪಾಲು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಒಂದು ಮುಖ್ಯ ವಿಷಯ ತೋರಿಸಿದರು. ಕರ್ಕ್ಯುಮಿನ್ ಜೊತೆ ಕರಿಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶ ಕೊಟ್ಟರೆ ಅದು ರಕ್ತಕ್ಕೆ ಸೇರುವುದು ಸುಮಾರು 20 ಪಟ್ಟು ಜಾಸ್ತಿಯಾಗುತ್ತದೆ. ಇದನ್ನು ಹಿಡಿದುಕೊಂಡೇ ಇವತ್ತಿನ ಅರಿಶಿನ-ಮೆಣಸು ಕ್ಯಾಪ್ಸೂಲ್‌ಗಳು ಬಂದಿವೆ. ಲಾಭ ಹೆಚ್ಚಿದಂತೆ ಅಪಾಯವೂ ಹೆಚ್ಚುತ್ತದೆ ಎನ್ನುವುದು ಜಾಹೀರಾತಿನಲ್ಲಿ ಇರುವುದಿಲ್ಲ. ಇಂಥ ಕ್ಯಾಪ್ಸೂಲ್‌ಗಳಿಂದ ಲಿವರ್ ಊದಿಕೊಂಡ ಪ್ರಕರಣಗಳು ಇಟಲಿ, ಅಮೆರಿಕದಲ್ಲಿ ವರದಿಯಾಗಿವೆ. ಮಂಡಿ ನೋವಿಗೆ ಕರ್ಕ್ಯುಮಿನ್‌ನಿಂದ ಸ್ವಲ್ಪ ಆರಾಮ ಸಿಗುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳುತ್ತವೆ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೋವಿಗೆ ಕೆಲಸ ಮಾಡುವಷ್ಟು ಶಕ್ತಿ ಇದೆ ಎಂದ ಮೇಲೆ ಅದನ್ನು ಔಷಧಿಯೆಂದೇ ನೋಡಬೇಕು ಅಲ್ವಾ? ಸಾಂಬಾರು ಪದಾರ್ಥ ಎಂಬ ಸಲುಗೆ ಅಲ್ಲಿಗೆ ಮುಗಿಯಿತು.

ಅಮೃತಬಳ್ಳಿಯ ವಿಷಯ ಇನ್ನೂ ಹತ್ತಿರದ್ದು. ಕೊರೊನಾ ಸಮಯದಲ್ಲಿ ನಮ್ಮ ಕಡೆ ಅಮೃತಬಳ್ಳಿ ಕಷಾಯ ಕುದಿಯದ ಮನೆ ಕಡಿಮೆ. ಮುಂಬೈಯ ವೈದ್ಯರು 2021ರಲ್ಲಿ, ಅದನ್ನು ದಿನಾ ತೆಗೆದುಕೊಂಡು ಲಿವರ್ ಕೆಟ್ಟ 6 ಜನರ ವರದಿ ಬರೆದರು. 2022ರಲ್ಲಿ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಪ್ರಕಟವಾಯಿತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದೇ ಕುಲದ ಇನ್ನೊಂದು ಬಳ್ಳಿಯ ಜೊತೆ ಗೊಂದಲ ಆಗಬಾರದು ಎಂದು ಹೇಳಿತು. ಗೊಂದಲದ ಮಾತು ನಿಜವೇ ಆದರೂ ನಮಗೆ ಅದರಿಂದ ಸಮಾಧಾನ ಸಿಗುವುದಿಲ್ಲ. ಬೇಲಿಯಿಂದ ಕಿತ್ತು ತಂದವರಿಗೆ ಎರಡು ಬಳ್ಳಿಗಳ ವ್ಯತ್ಯಾಸ ಗೊತ್ತಿರುತ್ತದೆಯೇ? ಇನ್ನೊಂದು ವಿಷಯ ಗಮನಿಸಬೇಕು. ಆ 43 ಜನರಲ್ಲಿ ಹೆಚ್ಚಿನವರಲ್ಲಿ, ದೇಹದ ರೋಗ ನಿರೋಧಕ ಶಕ್ತಿಯೇ ಲಿವರ್ ಮೇಲೆ ದಾಳಿ ಮಾಡುವ ಲಕ್ಷಣಗಳು ಕಂಡವು. 'ಇಮ್ಯುನಿಟಿ ಬೂಸ್ಟರ್' ಎಂದು ಮಾರುವ ಯಾವುದನ್ನೇ ಆಗಲಿ, ಆಟೋಇಮ್ಯೂನ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು ಎನ್ನುವುದು ಇದಕ್ಕೇ.

ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಯಂದು ಕುಡಿಯುವ ಪಾಲೆ ಮರದ ಕಷಾಯವನ್ನೂ ಇದೇ ಸಾಲಿಗೆ ಸೇರಿಸಿ ಬಯ್ಯುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಸೂರ್ಯ ಹುಟ್ಟುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತಂದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ, ಕಾಯಿಸಿದ ಬಿಳಿಕಲ್ಲಿನ ಒಗ್ಗರಣೆ ಕೊಟ್ಟು, ವರ್ಷಕ್ಕೆ ಒಂದು ದಿನ ಸ್ವಲ್ಪ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುವ ಪದ್ಧತಿ ಅದು. ಪ್ರಮಾಣ, ದಿನ, ವಿಧಾನ ಎಲ್ಲಕ್ಕೂ ಅದರಲ್ಲೇ ಮಿತಿ ಇದೆ. ಜಡಿಮಳೆಯ ಬಡತನದ ತಿಂಗಳಿನ ನೆನಪೂ ಅದರಲ್ಲಿದೆ. ಆದರೆ ಎರಡು ಮಾತು ಹೇಳಲೇಬೇಕು. ವರ್ಷವಿಡೀ ರೋಗ ಬರದಂತೆ, ಮಲೇರಿಯಾ ತಾಗದಂತೆ ಅದು ಕಾಯುತ್ತದೆ ಎನ್ನುವುದಕ್ಕೆ ಆಧಾರ ಇಲ್ಲ. ಹಾಗೆ ಕಾಯುವುದಿದ್ದರೆ ಮಂಗಳೂರು ದಶಕಗಳ ಕಾಲ ಮಲೇರಿಯಾದ ಊರು ಎಂದು ಹೆಸರು ಪಡೆಯುತ್ತಿರಲಿಲ್ಲ. ಎರಡನೆಯದು, ಮರ ಗುರುತಿಸುವ ಹಿರಿಯರು ಕಡಿಮೆಯಾಗುತ್ತಿದ್ದಾರೆ. ನಮ್ಮ ಕಾಡಿನಲ್ಲಿ ಕಾಸರಕದ ಮರವೂ ಇದೆ, ಅದರಲ್ಲಿ ಇರುವುದು ಸ್ಟ್ರಿಕ್ನೀನ್ ಎಂಬ ಕಡು ವಿಷ. ನಸುಕಿನ ಕತ್ತಲಲ್ಲಿ ತಪ್ಪು ತೊಗಟೆ ತಂದರೆ ಮುಂದೆ ಆಗುವುದು ಭಯಂಕರ. ಮರ ಹಗಲಲ್ಲೇ ನೋಡಿ ಖಚಿತ ಮಾಡಿಕೊಂಡಿಲ್ಲದಿದ್ದರೆ ಕುಡಿಯಬೇಡಿ. ಯಾರೋ ಬಾಟಲಿಯಲ್ಲಿ ತುಂಬಿ ತಂದುಕೊಟ್ಟದ್ದನ್ನು ಅಂತೂ ಖಂಡಿತ ಬೇಡ.

ಸೋರೆಕಾಯಿ ಜ್ಯೂಸ್ ಬಗ್ಗೆ ಒಂದೇ ಮಾತು: ಕಹಿ ಇದ್ದರೆ ಚೆಲ್ಲಿ. ಕಹಿ ಜ್ಯೂಸ್ ಕುಡಿದು ಸಾವು ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿ ಕೊಟ್ಟ ಸಲಹೆಯೂ ಇದೇ.

ಈಗ ಎರಡನೇ ಪ್ರಶ್ನೆ. 'ನನಗೆ ಕೆಲಸ ಮಾಡಿದೆ' ಎನ್ನುವವರು ಸುಳ್ಳು ಹೇಳುತ್ತಿಲ್ಲ. ಬೆಳಿಗ್ಗೆ ಶೇಕ್ ಕುಡಿಸುವ ನ್ಯೂಟ್ರಿಷನ್ ಕ್ಲಬ್‌ಗಳು ಈಗ ನಮ್ಮ ಪೇಟೆಗಳಲ್ಲೂ ಕಾಣುತ್ತವೆ. ಹೋದವರಲ್ಲಿ ಕೆಲವರ ತೂಕ ನಿಜಕ್ಕೂ ಇಳಿಯುತ್ತದೆ, ಶುಗರ್ ಕೂಡ ಇಳಿಯುತ್ತದೆ. ಅದನ್ನು ಶೇಕ್‌ನೊಳಗಿನ ಗಿಡಮೂಲಿಕೆಯ ಶಕ್ತಿ ಎಂದು ಹೇಳಿ ಮಾರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಮೊದಲು ಬೆಳಿಗ್ಗೆ ಎರಡು ಬನ್ಸ್, ಒಂದು ಪ್ಲೇಟ್ ಗೋಳಿಬಜೆ, ಸಕ್ಕರೆ ಹಾಕಿದ ಕಾಫಿ ಇತ್ತು. ಈಗ 200 ಕ್ಯಾಲೊರಿಯ ಆಸುಪಾಸಿನ ಒಂದು ಲೋಟ. ಬದಲಾವಣೆ ಬಂದದ್ದು ಅಲ್ಲಿಂದ.

ಇದಕ್ಕೆ ಬಲವಾದ ಪುರಾವೆ ಬ್ರಿಟನ್ನಿನ 'ಡೈರೆಕ್ಟ್' ಅಧ್ಯಯನ. 2017ರ ಕೊನೆಯಲ್ಲಿ ಅದರ ಫಲಿತಾಂಶ ಬಂತು. ಟೈಪ್ 2 ಡಯಾಬಿಟಿಸ್ ಬಂದು 6 ವರ್ಷ ಮೀರದ 306 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 3ರಿಂದ 5 ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಶೇಕ್, ಸೂಪ್ ಮಾತ್ರ. ಒಂದು ವರ್ಷದ ಬಳಿಕ ಆ ಗುಂಪಿನ 46% ಜನರಿಗೆ ಮಾತ್ರೆ ಇಲ್ಲದೆಯೂ ಶುಗರ್ ಹಿಡಿತದಲ್ಲಿತ್ತು. ಇನ್ನೊಂದು ಗುಂಪಿನಲ್ಲಿ ಹಾಗಿದ್ದವರು 4% ಮಾತ್ರ. ಯಾರ ತೂಕ 15 ಕಿಲೊ ಅಥವಾ ಹೆಚ್ಚು ಇಳಿದಿತ್ತೋ ಅವರಲ್ಲಿ ಫಲ ಅತಿ ಹೆಚ್ಚು. ಅಂದರೆ ಕಡಿಮೆ ತಿಂದು ತೂಕ ಇಳಿಸಿದರೆ ಶುರುವಿನ ಹಂತದ ಡಯಾಬಿಟಿಸ್ ಹಿಂದೆ ಸರಿಯಬಹುದು. ಇದು ದೊಡ್ಡ ಭರವಸೆ, ಎಲ್ಲರೂ ತಿಳಿಯಬೇಕಾದದ್ದು. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಡಯಾಬಿಟಿಸ್ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಅಂದಾಜು ಮಾಡಿದೆ. ಆದರೆ ಡೈರೆಕ್ಟ್ ಅಧ್ಯಯನದಲ್ಲಿ ಮಾತ್ರೆ ನಿಲ್ಲಿಸಿದ್ದು ವೈದ್ಯರು ನೋಡಿಕೊಂಡು. ಬಿ.ಪಿ., ಶುಗರ್ ಅಳೆಯುತ್ತಾ, ಬೇಕಾದಾಗ ಮತ್ತೆ ಶುರು ಮಾಡುತ್ತಾ. ಶೇಕ್ ಮಾರುವವರಿಗೆ ಆ ತರಬೇತಿ ಇಲ್ಲ.

ಹಲಸಿನಕಾಯಿ ಹಿಟ್ಟೂ ಈ ಪ್ರಶ್ನೆಯ ಅಡಿಯಲ್ಲೇ ಬರುತ್ತದೆ. ಆಂಧ್ರದಲ್ಲಿ 40 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ದಿನಕ್ಕೆ 30 ಗ್ರಾಂ ಹಲಸಿನಕಾಯಿ ಹಿಟ್ಟನ್ನು 12 ವಾರ ತಿಂದವರ ಶುಗರ್ ಇಳಿಯಿತು. ಆಶಾದಾಯಕ, ಆದರೆ 40 ಜನ ತುಂಬಾ ಸಣ್ಣ ಸಂಖ್ಯೆ. ಮುಖ್ಯವಾದ ಅಂಶ ಎಂದರೆ ಅವರು ಆ ಹಿಟ್ಟನ್ನು ತಿಂದದ್ದು ಅಷ್ಟೇ ಅಕ್ಕಿ ಅಥವಾ ಗೋಧಿ ಹಿಟ್ಟಿನ ಬದಲು. ಎರಡು ತಟ್ಟೆ ಅನ್ನ ಉಂಡು, ಮೇಲೆ ಹಲಸಿನ ಹಿಟ್ಟಿನ ದೋಸೆ ತಿಂದರೆ ಆ ಫಲ ಸಿಗುವುದಿಲ್ಲ. ಹಣ್ಣಾದ ಹಲಸಿನ ತೊಳೆಗೂ ಈ ಮಾತು ಅನ್ವಯಿಸುವುದಿಲ್ಲ, ಅದರಲ್ಲಿ ಸಕ್ಕರೆ ತುಂಬಿದೆ.

ಕುಚ್ಚಲಕ್ಕಿ ಬಗ್ಗೆಯೂ ಈಗ ದೊಡ್ಡ ಪ್ರಚಾರ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವುದರಿಂದ ಸಿಪ್ಪೆಯ ಬಿ1 ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ. ಬಿಳಿ ಬೆಳ್ತಿಗೆ ಅಕ್ಕಿ ತಿನ್ನುವ ಪ್ರದೇಶಗಳನ್ನು ಕಾಡಿದ ಬೆರಿಬೆರಿ ರೋಗ, ಕುಚ್ಚಲಕ್ಕಿ ತಿನ್ನುವವರನ್ನು ಅಷ್ಟಾಗಿ ಕಾಡದೆ ಇದ್ದದ್ದು ಇದರಿಂದ. ಅದು ನಿಜವಾದ ಗುಣ. ಹಾಗೆಂದು ಶುಗರ್ ಇರುವವರು ಎಷ್ಟು ಬೇಕಾದರೂ ಉಣ್ಣಬಹುದು ಎಂದಲ್ಲ. 100 ಗ್ರಾಂ ಅಕ್ಕಿಯಲ್ಲಿ, ಅದು ಯಾವುದೇ ಇರಲಿ, 75 ಗ್ರಾಂ ಆಸುಪಾಸು ಪಿಷ್ಟ ಇರುತ್ತದೆ. ಗಂಜಿಯ ಜೊತೆ ಬರೀ ಉಪ್ಪಿನಕಾಯಿಯೋ, ಹುರುಳಿ ಚಟ್ನಿ, ಬಸಳೆ, ಬೂತಾಯಿ ಮೀನಿನ ಪುಳಿಮುಂಚಿಯೋ ಎನ್ನುವುದರ ಮೇಲೆ ಶುಗರ್ ಎಷ್ಟು ಏರುತ್ತದೆ ಎಂಬುದು ನಿಂತಿದೆ.

ಉಪವಾಸಕ್ಕೆ ಬರೋಣ. 16 ಗಂಟೆ ಹೊಟ್ಟೆ ಖಾಲಿ, 8 ಗಂಟೆಯೊಳಗೆ ಊಟ ಎನ್ನುವ ಪದ್ಧತಿ ಈಗ ಎಲ್ಲೆಡೆ ಇದೆ. ನಮಗೆ ಇದು ತೀರಾ ಹೊಸದಲ್ಲ. ಉಡುಪಿಯಲ್ಲಿ ಏಕಾದಶಿಯ ನಿರಾಹಾರ ಇದೆ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಬಿಟ್ಟು, ಮುಂದಿನ ತಿಂಗಳು ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು ಬಿಡುವ ವ್ರತ ಇದೆ. ಮೂಡುಬಿದಿರೆ, ಕಾರ್ಕಳದ ಜೈನರಲ್ಲಿ ಕತ್ತಲಾಗುವ ಮೊದಲೇ ಊಟ ಮುಗಿಸುವ ನಿಯಮ ಇದೆ. ಅವೆಲ್ಲ ಭಕ್ತಿಗೆ, ಸಂಯಮಕ್ಕೆ ಮಾಡಿಕೊಂಡ ನಿಯಮಗಳು. ಅವುಗಳ ಮೇಲೆ ವೈದ್ಯಕೀಯ ಹಕ್ಕುಗಳನ್ನು ಹೇರುವುದು ಆ ವ್ರತಗಳಿಗೂ ನ್ಯಾಯವಲ್ಲ. ತೂಕದ ಮಟ್ಟಿಗೆ ಹೇಳುವುದಾದರೆ, ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ಪರೀಕ್ಷೆ ನಡೆದು 2022ರಲ್ಲಿ ಪ್ರಕಟವಾಯಿತು. ಎಲ್ಲರೂ ಕ್ಯಾಲೊರಿ ಕಡಿಮೆ ಮಾಡಿದರು. ಒಂದು ಗುಂಪು ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿಂದಿತು. ಆ ಗುಂಪಿನವರ ತೂಕ ಸರಾಸರಿ 8 ಕಿಲೊ ಇಳಿದರೆ, ಹೊತ್ತಿನ ನಿಯಮ ಇಲ್ಲದವರದ್ದು 6.3 ಕಿಲೊ ಇಳಿಯಿತು. ಗಡಿಯಾರದಿಂದಾಗಿಯೇ ಹೆಚ್ಚು ಇಳಿಯಿತು ಎನ್ನುವಷ್ಟು ಗಟ್ಟಿ ವ್ಯತ್ಯಾಸ ಅದಲ್ಲ ಎಂದು ಸಂಶೋಧಕರು ತೀರ್ಮಾನಿಸಿದರು. ರಾತ್ರಿ ಹತ್ತರ ಮೇಲೆ ಕುರುಕಲು ತಿನ್ನುವ ಅಭ್ಯಾಸ ಇರುವವರಿಗೆ ಹೊತ್ತಿನ ನಿಯಮ ಸುಲಭದ ದಾರಿ. ಹಿಡಿಸಿದರೆ ಮಾಡಿ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರಿಗೆ ಹೇಳದೆ ಉಪವಾಸಕ್ಕೆ ಇಳಿಯಬಾರದು. ಶುಗರ್ ಒಮ್ಮೆಲೇ ಕುಸಿದು ಬಿದ್ದರೆ ಜೀವಕ್ಕೇ ಅಪಾಯ.

ಕೆಲವದರ ಮೇಲೆ ಜಾಸ್ತಿ ಮಾತು ಬೇಕಿಲ್ಲ. ಅಲ್ಕಲೈನ್ (ಕ್ಷಾರ ಗುಣದ) ನೀರು: ಇದು ರಕ್ತದ ಆಮ್ಲ ತಗ್ಗಿಸುತ್ತದೆ ಎನ್ನುತ್ತಾರೆ. ಆದರೆ ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರ ಒಳಗೆ ಇರುವಂತೆ ಶ್ವಾಸಕೋಶ, ಕಿಡ್ನಿ ಸದಾ ನೋಡಿಕೊಳ್ಳುತ್ತವೆ. ಕುಡಿದ ನೀರು ಮೊದಲು ಹೋಗಿ ಸೇರುವುದು ಹೊಟ್ಟೆಯ ಕಟು ಆಮ್ಲಕ್ಕೆ. ಲಕ್ಷ ರೂಪಾಯಿ ಯಂತ್ರಕ್ಕೆ ಕೊಟ್ಟರೂ ರಕ್ತ ಬದಲಾಗುವುದಿಲ್ಲ. ದೇಹದ ಆಮ್ಲವೇ ಎಲ್ಲ ರೋಗಕ್ಕೆ ಕಾರಣ ಎಂದು ಪುಸ್ತಕ ಬರೆದು ಹೆಸರಾದ ಅಮೆರಿಕದ ರಾಬರ್ಟ್ ಯಂಗ್, ಲೈಸೆನ್ಸ್ ಇಲ್ಲದೆ ವೈದ್ಯ ವೃತ್ತಿ ಮಾಡಿದ್ದಕ್ಕೆ 2016ರಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು. ಕಾಲು ಮುಳುಗಿಸಿ ವಿಷ ತೆಗೆಯುವ ಟಬ್: ನೀರು ಕಂದಾಗುವುದು ಉಪ್ಪುನೀರಿನಲ್ಲಿ ವಿದ್ಯುತ್ ಹರಿದು ಲೋಹ ತುಕ್ಕು ಹಿಡಿಯುವುದರಿಂದ. ಕಾಲು ಹಾಕದಿದ್ದರೂ ಕಂದಾಗುತ್ತದೆ, ಬೇಕಾದರೆ ಹಾಗೆ ಮಾಡಿ ತೋರಿಸಲು ಕೇಳಿ. ಮೈ ಬಣ್ಣ ಬಿಳಿಯಾಗಲು ರಕ್ತನಾಳಕ್ಕೆ ಏರಿಸುವ ಗ್ಲುಟಾಥಿಯೋನ್ ಡ್ರಿಪ್: ಕಿಡ್ನಿ, ಚರ್ಮಕ್ಕೆ ಗಂಭೀರ ತೊಂದರೆ ಆಗಬಹುದು ಎಂದು ಫಿಲಿಪ್ಪೀನ್ಸ್ ಸರಕಾರದ ಔಷಧ ನಿಯಂತ್ರಣ ಸಂಸ್ಥೆ ಜನರನ್ನು ಎಚ್ಚರಿಸಿದೆ. ನಮ್ಮ ಬಿಸಿಲಿನ ಊರಿನ ಹುಡುಗಿಯರಿಗೆ ಬಣ್ಣದ ಭಯ ಹುಟ್ಟಿಸಿ ರಕ್ತನಾಳಕ್ಕೆ ಸೂಜಿ ಹಾಕುವುದು ನನಗೆ ಇವೆಲ್ಲಕ್ಕಿಂತ ಹೆಚ್ಚು ನೋವು ಕೊಡುವ ವ್ಯಾಪಾರ. ಆಪಲ್ ಸೈಡರ್ ವಿನಿಗರ್: ತೂಕ ಇಳಿಸುತ್ತದೆ ಎಂದು 2024ರಲ್ಲಿ ದೊಡ್ಡ ಸುದ್ದಿಯಾದ ಲೆಬನಾನ್‌ನ ಅಧ್ಯಯನದ ಅಂಕಿಅಂಶಗಳು ನಂಬುವಂತಿಲ್ಲ ಎಂದು, ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ 2025ರಲ್ಲಿ ಹಿಂತೆಗೆದುಕೊಂಡಿತು. ಮೊದಲ ಸುದ್ದಿ ಓದಿದವರಿಗೆ ಎರಡನೆಯದು ತಲುಪಲೇ ಇಲ್ಲ.

ಬಿಸಿ ಕಲ್ಲಿನ ಹಾಸಿಗೆಯ ಮೇಲೆ ಉಚಿತವಾಗಿ ಮಲಗಿಸುವ ಥೆರಪಿ ಸೆಂಟರ್‌ಗಳಲ್ಲಿ ಬೆಳಿಗ್ಗೆ ಹಿರಿಯರ ಸಾಲು ಕಾಣುತ್ತದೆ. ಬೆನ್ನಿಗೆ ಶಾಖ ಕೊಟ್ಟರೆ ಹಾಯೆನಿಸುತ್ತದೆ, ಅದು ಸುಳ್ಳಲ್ಲ. ಮಾತನಾಡಲು ಜನ ಸಿಗುತ್ತಾರೆ, ಅದೂ ಸಣ್ಣ ವಿಷಯವಲ್ಲ. ಮಕ್ಕಳು ಬೆಂಗಳೂರು, ದುಬೈ, ಕುವೈತ್‌ನಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಹಾಸಿಗೆ ಶುಗರ್, ಬಿ.ಪಿ., ಹೃದಯದ ಬ್ಲಾಕ್ ತೆಗೆಯುತ್ತದೆ ಎಂದು ಹೇಳಿ ದುಬಾರಿ ಯಂತ್ರ ಮಾರುವಲ್ಲಿ ಸುಳ್ಳು ಶುರುವಾಗುತ್ತದೆ.

ಕೆಲಸ ಮಾಡದ್ದೂ ಮಾಡಿದಂತೆ ಕಾಣುವುದಕ್ಕೆ ಇನ್ನೊಂದು ಕಾರಣವಿದೆ. ನೋವು ತುಂಬಾ ಜಾಸ್ತಿ ಆದಾಗಲೇ ನಾವು ಮದ್ದು ಹುಡುಕುವುದು. ಮಂಡಿ, ಬೆನ್ನು, ಅಲರ್ಜಿಯ ತೊಂದರೆಗಳು ಏರುತ್ತವೆ, ತಾವೇ ಇಳಿಯುತ್ತವೆ. ಇಳಿಯುವ ಹೊತ್ತಿಗೆ ಕೈಯಲ್ಲಿ ಯಾವ ಬಾಟಲಿ ಇತ್ತೋ ಅದಕ್ಕೆ ಹೆಸರು. ಇದು ಡಾಕ್ಟರ ಚಿಕಿತ್ಸೆಗೂ ಅನ್ವಯಿಸುತ್ತದೆ. 2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆತದ 180 ರೋಗಿಗಳಲ್ಲಿ ಕೆಲವರಿಗೆ ನಿಜವಾದ ಆರ್ತ್ರೋಸ್ಕೋಪಿ, ಅಂದರೆ ಸಣ್ಣ ತೂತಿನ ಮೂಲಕ ಕ್ಯಾಮೆರಾ ಹಾಕಿ ಮಂಡಿಯೊಳಗೆ ಮಾಡುವ ಆಪರೇಷನ್, ಮಾಡಿದರು. ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಎರಡು ವರ್ಷ ನೋಡಿದರೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಂಡಿ ಸವೆತಕ್ಕೆ ಆ ಆಪರೇಷನ್ ಮಾಡಬೇಡಿ ಎಂಬ ಸಲಹೆ ಬರಲು ಇಂಥ ಪರೀಕ್ಷೆಗಳೇ ಕಾರಣ. ಕಷಾಯಕ್ಕಾಗಲಿ, ಕತ್ತರಿಗಾಗಲಿ ಒಂದೇ ಅಳತೆಗೋಲು ಇರಬೇಕು.

ತೆಂಗಿನೆಣ್ಣೆಯ ವಿಷಯ ಬರೆಯುವಾಗ ಕೈ ತಡೆಯುತ್ತದೆ. ಅದು ಈ ನೆಲದ ರುಚಿ. ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಬಿ.ಎಂ. ಹೆಗ್ಡೆಯಂಥ ದೊಡ್ಡ ವೈದ್ಯರು ಅದನ್ನು ಬಹಿರಂಗವಾಗಿ ಸಮರ್ಥಿಸಿದ್ದಾರೆ. ಆದರೂ 2020ರಲ್ಲಿ 16 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶೇಂಗಾ, ಸೂರ್ಯಕಾಂತಿಯಂಥ ಎಣ್ಣೆಗಳಿಗೆ ಹೋಲಿಸಿದರೆ ತೆಂಗಿನೆಣ್ಣೆ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಸುಮಾರು 10 ಅಂಕ ಏರಿಸಿತು. ಒಳ್ಳೆಯದು ಎನ್ನುವ ಎಚ್‌ಡಿಎಲ್ ಸುಮಾರು 4 ಅಂಕ ಏರಿತು. ಪಲ್ಯದ ಒಗ್ಗರಣೆಗೆ ಒಂದು ಚಮಚ ಹಾಕುವವರು ಇದರಿಂದ ಹೆದರಬೇಕಿಲ್ಲ. ತೂಕ ಇಳಿಯುತ್ತದೆ, ಮೆದುಳು ಚುರುಕಾಗುತ್ತದೆ ಎಂದು ಕಾಫಿಗೆ ಎರಡು ಚಮಚ ಕದಡಿ ದಿನಾ ಕುಡಿಯುವವರು, ಅದರಲ್ಲೂ ಒಮ್ಮೆ ಹೃದಯಾಘಾತ ಆದವರು, ಅದನ್ನು ನಿಲ್ಲಿಸುವುದು ಒಳ್ಳೆಯದು.

ಕೆಲಸ ಮಾಡುವುದೂ ಇದೆ, ಮತ್ತು ಅದಕ್ಕೆ ದುಡ್ಡು ಕಡಿಮೆ ಸಾಕು. ನಡಿಗೆಯನ್ನೇ ನೋಡಿ. ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ಜಪಾನಿನ ಒಂದು ಕಂಪನಿ 1965ರಲ್ಲಿ ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ ಬಂತು. ಅಮೆರಿಕದ 16,741 ವಯಸ್ಸಾದ ಹೆಂಗಸರನ್ನು ಗಮನಿಸಿ 2019ರಲ್ಲಿ ಬಂದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವು 41% ಕಡಿಮೆ ಇತ್ತು. 7,500 ಆದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಆರೋಗ್ಯ ಇದ್ದವರೇ ಜಾಸ್ತಿ ನಡೆಯುತ್ತಾರೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಂದೇಶ ಹಿತವಾದದ್ದು. ಕದ್ರಿ ಪಾರ್ಕಿನಲ್ಲೋ ಅಜ್ಜರಕಾಡಿನಲ್ಲೋ ಮಣ್ಣಪಳ್ಳದ ಕೆರೆ ಸುತ್ತಲೋ ಅರ್ಧ ಗಂಟೆ ನಡೆಯುವ ಅಮ್ಮನಿಗೆ ಗಡಿಯಾರ 10,000 ತೋರಿಸದಿದ್ದರೂ ಚಿಂತೆ ಬೇಡ. ಯೋಗವೂ ಹಾಗೆಯೇ. ದೀರ್ಘಕಾಲದ ಬೆನ್ನುನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಅಮೆರಿಕದ ವೈದ್ಯರ ಸಂಘಟನೆ 2017ರಲ್ಲೇ ಯೋಗವನ್ನು ಸೇರಿಸಿತು. ಧರ್ಮಸ್ಥಳದ ಶಾಂತಿವನ, ಪರೀಕದ ಸೌಖ್ಯವನದಂಥ ಕಡೆ ಹತ್ತು ದಿನ ಇದ್ದು ಬಂದವರ ಬಿ.ಪಿ. ಇಳಿಯುವುದರಲ್ಲಿ ಆಶ್ಚರ್ಯ ಇಲ್ಲ. ಉಪ್ಪು ಕಡಿಮೆ, ಊಟ ಮಿತ, ಹೊತ್ತಿಗೆ ಸರಿಯಾಗಿ ನಿದ್ದೆ, ಕುಡಿತ ಇಲ್ಲ, ಫೋನ್ ಕಡಿಮೆ. ಮನೆಗೆ ಬಂದ ಮೇಲೆ ಅದರಲ್ಲಿ ಎರಡನ್ನಾದರೂ ಉಳಿಸಿಕೊಂಡವರಿಗೆ ಲಾಭ ಉಳಿಯುತ್ತದೆ.

ಮೂರನೇ ಪ್ರಶ್ನೆಗೆ ಬರುವ ಮೊದಲು ನಮ್ಮ ಊರಿನ ಒಂದು ವಿಶೇಷ ಹೇಳಬೇಕು. ಫಾದರ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪಥಿ ಮದ್ದು ಕೊಡಲು ಶುರು ಮಾಡಿದರು. ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಲ್ಲಿ ಬಂತು. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜು, ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸಾ ಕಾಲೇಜು ಇವೆ. ಇಷ್ಟು ಹತ್ತಿರ ಹತ್ತಿರ ಇಷ್ಟು ಪದ್ಧತಿಗಳು ಸಿಗುವ ಜಾಗ ಅಪರೂಪ. ಹಾಗಾಗಿ ಒಂದೇ ಮನೆಯಲ್ಲಿ, ಒಬ್ಬರದೇ ಮೇಜಿನ ಮೇಲೆ ಬಿ.ಪಿ. ಮಾತ್ರೆ, ಅರಿಷ್ಟ, ಬಿಳಿ ಗುಳಿಗೆ, ಆನ್‌ಲೈನ್‌ನಲ್ಲಿ ತರಿಸಿದ ಪುಡಿ ಎಲ್ಲ ಇರುತ್ತದೆ. ಒಬ್ಬ ಡಾಕ್ಟರಿಗೆ ಇನ್ನೊಂದರ ವಿಷಯ ಗೊತ್ತಿರುವುದಿಲ್ಲ. ಬಯ್ಯುತ್ತಾರೆ ಎಂದು ರೋಗಿಯೂ ಹೇಳುವುದಿಲ್ಲ. ಡಾಕ್ಟರುಗಳು ಬಯ್ಯುವುದನ್ನು ಬಿಟ್ಟು ಕೇಳುವುದನ್ನು ಕಲಿತರೆ ಅರ್ಧ ಅಪಾಯ ತಪ್ಪುತ್ತದೆ.

ಯಾಕೆಂದರೆ ತೊಂದರೆ ಎಲ್ಲಿಂದ ಬರುತ್ತದೆ ಎಂದು ಊಹಿಸಲು ಆಗುವುದಿಲ್ಲ. ಬೊಂಡ, ಅಂದರೆ ಎಳನೀರು, ಕುಡಿಯುವುದು ನಮ್ಮಲ್ಲಿ ಉಪಚಾರ. ಒಂದು ದೊಡ್ಡ ಬೊಂಡದಲ್ಲಿ ಬಾಳೆಹಣ್ಣಿಗಿಂತ ಜಾಸ್ತಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ದುರ್ಬಲ ಆದವರು, ಪೊಟ್ಯಾಸಿಯಂ ಏರಿಸುವ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಆರೋಗ್ಯಕ್ಕೆಂದು ದಿನಕ್ಕೆ ಎರಡು ಮೂರು ಬೊಂಡ ಕುಡಿದರೆ ಹೃದಯದ ಬಡಿತವೇ ತಪ್ಪಬಹುದು. ರಕ್ತ ತೆಳುವಾಗಲು ಮಾತ್ರೆ ತಿನ್ನುವವರು ಅರಿಶಿನ, ಬೆಳ್ಳುಳ್ಳಿ ಕ್ಯಾಪ್ಸೂಲ್ ಸೇರಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. 'ನೂರಕ್ಕೆ ನೂರು ಗಿಡಮೂಲಿಕೆ' ಎನ್ನುವ ಗಂಟುನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಹಲವು ಬಾರಿ ಸಿಕ್ಕಿಬಿದ್ದಿದೆ. ತಿಂದ ಎರಡೇ ದಿನಕ್ಕೆ ನೋವು ಮಾಯವಾದರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕು.

ಎಲ್ಲಕ್ಕಿಂತ ದೊಡ್ಡ ಹಾನಿ ಆಗುವುದು ಮಾತ್ರೆ ಬಿಟ್ಟಾಗ. ಬಿ.ಪಿ. ಏರಿದ್ದು ಗೊತ್ತಾಗುವುದಿಲ್ಲ, ಪಾರ್ಶ್ವವಾಯು ಬಂದಾಗ ಗೊತ್ತಾಗುತ್ತದೆ. ಟೈಪ್ 1 ಡಯಾಬಿಟಿಸ್ ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. ಫಿಟ್ಸ್ ಮಾತ್ರೆ, ಥೈರಾಯ್ಡ್ ಮಾತ್ರೆ, ಸ್ಟೆಂಟ್ ಹಾಕಿದ ಮೇಲಿನ ಮಾತ್ರೆಗಳೂ ಹಾಗೆಯೇ, ನಾವಾಗಿ ನಿಲ್ಲಿಸುವಂಥವಲ್ಲ. ಯಾರಾದರೂ 'ಇದು ಶುರು ಮಾಡಿ, ಅದನ್ನು ಬಿಡಿ' ಎಂದರೆ ಅಲ್ಲಿಂದ ಎದ್ದು ಬನ್ನಿ. ಅವರು ಕೊಡುವ ವಸ್ತು ಎಷ್ಟೇ ಶುದ್ಧ ಇರಲಿ.

ಕಾನೂನು ನಿಮ್ಮ ಪರವಾಗಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪ್ರಕಾರ ಡಯಾಬಿಟಿಸ್, ರಕ್ತದೊತ್ತಡ, ಬೊಜ್ಜು, ಕ್ಯಾನ್ಸರ್ ಸೇರಿ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವಂತಿಲ್ಲ. 2024ರಲ್ಲಿ ಪತಂಜಲಿ ಕಂಪನಿ ಇಂಥದ್ದೇ ಜಾಹೀರಾತುಗಳ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕ್ಷಮೆ ಕೇಳಬೇಕಾಯಿತು. ಡಬ್ಬಿಯ ಹಿಂಭಾಗವನ್ನೂ ಓದಿ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದ್ದರೆ ಅದು ಆಹಾರ ಎಂದು ಪರವಾನಗಿ ಪಡೆದದ್ದು, ಔಷಧಿಯೆಂದು ಯಾರೂ ಪರೀಕ್ಷಿಸಿಲ್ಲ. ಪೂರಕ ಆಹಾರದ ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಎಂದು ಬರೆದಿರಲೇಬೇಕು. ಮಾರುವವರ ಬಾಯಿಮಾತು ಆ ಸಾಲಿಗೆ ವಿರುದ್ಧ ಇದ್ದರೆ ಅದನ್ನೇ ಬೆರಳಿಟ್ಟು ತೋರಿಸಿ.

ಯಾವುದನ್ನಾದರೂ ಈಗಾಗಲೇ ತೆಗೆದುಕೊಳ್ಳುತ್ತಿದ್ದು, ಮೂತ್ರ ಗಾಢ ಹಳದಿ ಆದರೆ, ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಬರುವಂತಾದರೆ, ಮೂತ್ರ ಕಡಿಮೆಯಾಗಿ ಮುಖ, ಕಾಲು ಊದಿದರೆ ಅವತ್ತೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬಾಟಲಿ, ಡಬ್ಬಿ, ಉಳಿದ ತೊಗಟೆ ಅಥವಾ ಬಳ್ಳಿ ಏನಿದೆಯೋ ಅದನ್ನು ಎಸೆಯದೆ ಜೊತೆಗೇ ಒಯ್ಯಿರಿ. ಲಿವರ್ ಮತ್ತು ಕಿಡ್ನಿಯ ಸಾಮಾನ್ಯ ರಕ್ತಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಔಷಧಿಯ ಅಡ್ಡಪರಿಣಾಮ ತಿಳಿಸಲು ಕೇಂದ್ರ ಸರಕಾರದ ಉಚಿತ ಸಹಾಯವಾಣಿ ಇದೆ, 1800-180-3024. ಡಾಕ್ಟರೇ ಮಾಡಬೇಕೆಂದಿಲ್ಲ, ರೋಗಿಯ ಮನೆಯವರೂ ಕರೆ ಮಾಡಬಹುದು. ಕೇರಳದ ಆ 10 ಜನರ ವಿವರವನ್ನು ಯಾರೋ ಕೂತು ಬರೆದಿಟ್ಟದ್ದರಿಂದಲೇ ಬಿಂಬುಳಿ ರಸದ ಅಪಾಯ ಇವತ್ತು ನಮಗೆ ಗೊತ್ತಿರುವುದು. ನಮ್ಮ ಜಿಲ್ಲೆಗಳಲ್ಲಿ ಆಗುವುದೂ ಹಾಗೆ ದಾಖಲಾಗಬೇಕು.